ತಂತಿಯ ಮೇಲೆ ನಿಲ್ಲುವವಳದ್ದು ಸಹಾಯಕಿಯ ಕೆಲಸವೇ? ಜಪಾನಿನ ಮಿಹೊ ಯೋಶಿಯೋಕಾ ಅವರ ಹಾಯಿದೋಣಿ ಬದುಕಿನ ಕುರಿತು ಒಂದು ಪ್ರಶ್ನೆ

ಪ್ರಶ್ನೆ: ಕ್ಯಾತ್ಸಂದ್ರದ ಟೀಚರ್

ಎಲ್ಲರಿಗೂ ನಮಸ್ಕಾರ. ನಾನು ತುಮಕೂರಿನ ಹೊರವಲಯದ ಪ್ರೌಢಶಾಲೆಯೊಂದರಲ್ಲಿ ಸಮಾಜ ವಿಜ್ಞಾನ ಕಲಿಸುತ್ತೇನೆ. ನೀರಿನ ಮೇಲಿನ ಆಟಗಳ ಬಗ್ಗೆ ನನಗಿರುವ ಅನುಭವ ಅಮಾನಿಕೆರೆಯ ಪೆಡಲ್ ದೋಣಿಯನ್ನು ದಾಟಿಲ್ಲ. ಆದ್ದರಿಂದ ಪ್ರಶ್ನೆಯಲ್ಲೇ ತಪ್ಪಿದ್ದರೆ ದಯವಿಟ್ಟು ತಿದ್ದಬೇಕು.

ಪ್ರಥಮ ಪಿಯುಸಿ ಓದುತ್ತಿರುವ ನನ್ನ ಮಗಳು ಕಳೆದ ಬೇಸಿಗೆ ರಜೆಯಲ್ಲಿ ಕೃಷ್ಣರಾಜಸಾಗರದ ಹಿನ್ನೀರಿನಲ್ಲಿ ಹತ್ತು ದಿನ ಹಾಯಿದೋಣಿ ನಡೆಸುವುದನ್ನು ಕಲಿತು ಬಂದಳು. ಐದು ಅಡಿ ಒಂಬತ್ತು ಅಂಗುಲ ಎತ್ತರವಿರುವ ಅವಳನ್ನು ಇದುವರೆಗೆ ಎಲ್ಲರೂ ಗುಂಪಿನ ಫೋಟೋದಲ್ಲಿ ಹಿಂದಿನ ಸಾಲಿಗೆ ಕಳುಹಿಸುತ್ತಿದ್ದರು. ಅಲ್ಲಿನ ತರಬೇತುದಾರರು ಮಾತ್ರ ಮೊದಲ ದಿನವೇ ನೋಡಿ, ಇವಳು ಕ್ರೂ, ಅಂದರೆ ಇಬ್ಬರ ದೋಣಿಯಲ್ಲಿ ಚುಕ್ಕಾಣಿ ಹಿಡಿಯದ ಜೊತೆಗಾರ್ತಿ, ಆಗಬೇಕಾದವಳು ಎಂದರಂತೆ. ಅಂದಿನಿಂದ ಅವಳ ಓದುವ ಮೇಜಿನ ಮುಂದೆ ಜಪಾನಿನ ಮಿಹೊ ಯೋಶಿಯೋಕಾ ಎಂಬುವರ ಚಿತ್ರ ಅಂಟಿಕೊಂಡಿದೆ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಅವರು ಕೇಜು ಒಕಾಡಾ ಎಂಬುವರ ಜೊತೆ ಬೆಳ್ಳಿ ಪದಕ ಗೆದ್ದಿದ್ದಾರೆ. ಆ ಚಿತ್ರದಲ್ಲಿ ಚುಕ್ಕಾಣಿ ಒಕಾಡಾ ಅವರ ಕೈಯಲ್ಲಿದೆ. ಈಕೆ ದೋಣಿಯ ಅಂಚಿನ ಮೇಲೆ ಪಾದವೂರಿ, ಒಂದು ತಂತಿಯನ್ನು ನಂಬಿ, ನೀರಿನ ಮೇಲೆ ಹೆಚ್ಚುಕಡಿಮೆ ಮಲಗಿಕೊಂಡಿದ್ದಾರೆ.

ನನ್ನ ಯಜಮಾನರು ಸಾರಿಗೆ ಸಂಸ್ಥೆಯ ನಿವೃತ್ತ ಚಾಲಕರು. ಅವರು ಚಿತ್ರ ನೋಡಿ, "ಡ್ರೈವರ್ ಅವನು, ಇವಳು ಕಂಡಕ್ಟರ್, ಕಂಡಕ್ಟರ್ ಆಗಲು ಇಷ್ಟು ಕಷ್ಟಪಡಬೇಕೇ?" ಎಂದು ಕೇಳಿದರು. ಮಗಳು ಎರಡು ದಿನ ಅವರೊಡನೆ ಮಾತಾಡಲಿಲ್ಲ. ಜಗಳ ನಗೆಯಲ್ಲಿ ಮುಗಿಯಿತಾದರೂ ಪ್ರಶ್ನೆ ನನ್ನಲ್ಲಿ ಉಳಿದಿದೆ. ಚುಕ್ಕಾಣಿ ಹಿಡಿಯದವರಿಗೆ ಈ ಕ್ರೀಡೆಯಲ್ಲಿ ತಮ್ಮದೇ ಎನ್ನಬಹುದಾದ ಬದುಕು ಇದೆಯೇ? ಯೋಶಿಯೋಕಾ ಎಲ್ಲಿಂದ ಹೊರಟು ಹೇಗೆ ಅಲ್ಲಿಗೆ ತಲುಪಿದರು? ಹೊಟ್ಟೆಪಾಡಿಗೆ ಏನು ಮಾಡಿದರು? ಬಲ್ಲವರು ತಿಳಿಸಿದರೆ ಉಪಕಾರವಾಗುತ್ತದೆ.

ಉತ್ತರ 1: ಶಿರಾದ ಹಳೆಯ ಸ್ಯಾಪರ್

ಮೇಡಂ, ನಮಸ್ಕಾರ. ನಾನು ಸೇನೆಯ ಎಂಜಿನಿಯರ್ ದಳವಾದ ಮದ್ರಾಸ್ ಸ್ಯಾಪರ್ಸ್‌ನಲ್ಲಿದ್ದವನು. ಹಲಸೂರು ಕೆರೆಯಲ್ಲಿ ಹಲವು ವರ್ಷ ಇಬ್ಬರು ನಡೆಸುವ ದೋಣಿಯಲ್ಲಿ ಮುಂದೆ ಕುಳಿತವನು, ಅಂದರೆ ತಮ್ಮ ಯಜಮಾನರ ಲೆಕ್ಕದಲ್ಲಿ ನಾನೂ ಕಂಡಕ್ಟರೇ. ನಮ್ಮ ದೋಣಿಗೆ ಈ ತಂತಿ ಇರಲಿಲ್ಲ, ನಾವು ಅಂಚಿನ ಮೇಲೆ ಕುಳಿತು ಸೊಂಟದಿಂದ ಹಿಂದಕ್ಕೆ ಬಾಗುತ್ತಿದ್ದೆವು. ಆದರೆ ಕೆಲಸದ ಸ್ವಭಾವ ಒಂದೇ.

ಚಾಲಕರಾಗಿದ್ದವರ ಮಾತನ್ನು ತಳ್ಳಿಹಾಕುವುದಿಲ್ಲ, ಆದರೆ ಬಸ್ಸು ಮಗುಚದಂತೆ ನೋಡಿಕೊಳ್ಳಲು ಕಂಡಕ್ಟರ್ ಬಾಗಿಲಿನಿಂದ ಹೊರಗೆ ನೇತಾಡಬೇಕಾದ ದಿನ ಬಂದರೆ ಆ ಹೋಲಿಕೆ ಸರಿಯಾದೀತು. ಚಿತ್ರದಲ್ಲಿರುವ ದೋಣಿಯ ಹೆಸರು 470. ಉದ್ದ 4.70 ಮೀಟರ್ ಆದ್ದರಿಂದ ಆ ಹೆಸರು. 1963ರಲ್ಲಿ ಫ್ರಾನ್ಸಿನ ಆಂದ್ರೆ ಕೊರ್ನು ರೂಪಿಸಿದ ಈ ದೋಣಿ 1976ರಿಂದ ಒಲಿಂಪಿಕ್ಸ್‌ನಲ್ಲಿದೆ. ಅದರ ತೂಕ ಸುಮಾರು 120 ಕಿಲೋ. ಅದರಲ್ಲಿ ಏರುವ ಇಬ್ಬರ ತೂಕ ಸೇರಿದರೆ ಹೆಚ್ಚುಕಡಿಮೆ ದೋಣಿಯಷ್ಟೇ ಆಗುತ್ತದೆ. ಹಾಯಿಗೆ ಗಾಳಿ ತುಂಬಿದಾಗ ದೋಣಿ ಒಂದು ಮಗ್ಗುಲಿಗೆ ವಾಲುತ್ತದೆ. ವಾಲಿದ ದೋಣಿ ನಿಧಾನವಾಗುತ್ತದೆ. ಅದನ್ನು ನೇರ ನಿಲ್ಲಿಸುವ ಶಕ್ತಿ ಒಳಗಿರುವ ಇಬ್ಬರ ಮೈಯಲ್ಲದೆ ಬೇರೆ ಯಾವುದೂ ಇಲ್ಲ.

ತಮ್ಮ ಕಡೆಯ ಹಿರಿಯರಿಗೆ ಏತ ಗೊತ್ತಿರುತ್ತದೆ. ಬಾವಿಯ ಮೇಲೆ ಅಡ್ಡ ಮರ ಹಾಕಿ, ಒಬ್ಬ ಅದರ ಮೇಲೆ ಹಿಂದಕ್ಕೂ ಮುಂದಕ್ಕೂ ನಡೆಯುತ್ತಿದ್ದ. ಅವನ ತೂಕ ಬದಲಾಗುತ್ತಿರಲಿಲ್ಲ, ನಿಂತ ಜಾಗ ಬದಲಾಗುತ್ತಿತ್ತು. ಅಷ್ಟಕ್ಕೇ ನೀರು ತುಂಬಿದ ಬಾನಿ ಮೇಲೇಳುತ್ತಿತ್ತು. ಕ್ರೂ ಮಾಡುವುದೂ ಅದನ್ನೇ. ಹಾಯಿ ಕಟ್ಟುವ ಕೂವೆಮರದ ಮೇಲ್ಭಾಗದಿಂದ ಇಳಿದ ತಂತಿಯನ್ನು ಸೊಂಟದ ಪಟ್ಟಿಯ ಕೊಕ್ಕೆಗೆ ಸಿಕ್ಕಿಸಿಕೊಂಡು, ದೋಣಿಯ ಅಂಚಿನ ಮೇಲೆ ಪಾದವಿಟ್ಟು ಮೈಯನ್ನು ಹೊರಗೆ ಚಾಚುತ್ತಾರೆ. ಎತ್ತರದವರ ಭಾರ ದೋಣಿಯಿಂದ ಹೆಚ್ಚು ದೂರಕ್ಕೆ ಬೀಳುತ್ತದೆ. ಯೋಶಿಯೋಕಾ ಅವರ ಎತ್ತರ 177 ಸೆಂಟಿಮೀಟರ್. ತಮ್ಮ ಮಗಳಿಗೆ ಅದಕ್ಕಿಂತ ಎರಡು ಸೆಂಟಿಮೀಟರ್ ಮಾತ್ರ ಕಡಿಮೆ; ಆ ತರಬೇತುದಾರರ ಕಣ್ಣಿಗೆ ಬಿದ್ದದ್ದು ಅದೇ ಇರಬೇಕು.

ಇದು ಮೈಯ ಮಾತಾಯಿತು. ಕೈಗೆ ಬೇರೆ ಕೆಲಸವಿದೆ. ಮುಂದಿನ ಚಿಕ್ಕ ಹಾಯಿಯ ಹಗ್ಗ ಕ್ರೂ ಕೈಯಲ್ಲಿರುತ್ತದೆ. ಗಾಳಿಯ ದಿಕ್ಕಿಗೇ ಸಾಗುವಾಗ ಬಲೂನಿನಂತೆ ಉಬ್ಬುವ ಸ್ಪಿನೇಕರ್ ಎಂಬ ಹಾಯಿಯನ್ನು ಹರಡಿ, ಅದು ಒಮ್ಮೆಯೂ ಮುದುಡದಂತೆ ಆಡಿಸುವುದೂ ಅವರೇ. ಗಾಳಿ ನಿಗದಿತ ವೇಗ ಮೀರಿ, ಸಂಘಟಕರು ಬಾವುಟ ಏರಿಸಿ ಅನುಮತಿ ಕೊಟ್ಟರೆ, ಹಾಯಿಯನ್ನು ಬೀಸಣಿಗೆಯಂತೆ ಜಗ್ಗಿ ಜಗ್ಗಿ ದೋಣಿಯನ್ನು ಮುಂದೆ ನೂಕಬಹುದು. ಆಗ ತಂತಿಯ ಮೇಲೆ ನೇತಾಡುತ್ತಲೇ ಮೈಯೆಲ್ಲ ಬಳಸಿ ಜಗ್ಗಬೇಕಾಗುತ್ತದೆ.

ಇನ್ನು ಕಣ್ಣಿನ ಕೆಲಸ. ಚುಕ್ಕಾಣಿ ಹಿಡಿದವರ ದೃಷ್ಟಿ ಹಾಯಿಯ ಅಂಚಿನ ಮೇಲೂ ಎದುರಿನ ಅಲೆಯ ಮೇಲೂ ನೆಟ್ಟಿರುವಾಗ, ಹೊರಗೆ ಎತ್ತರದಲ್ಲಿ ನಿಂತ ಕ್ರೂಗೆ ಇಡೀ ಬಯಲು ಕಾಣುತ್ತದೆ. ನೀರಿನ ಮೇಲೆ ಗಾಳಿ ಬಿದ್ದ ಜಾಗ ಕಪ್ಪಾಗಿ, ಸಣ್ಣ ಸುಕ್ಕುಗಳಾಗಿ ತೋರುತ್ತದೆ. ಆ ಕಪ್ಪು ಯಾವ ಕಡೆಯಿಂದ ಬರುತ್ತಿದೆ, ತಮ್ಮನ್ನು ಯಾವಾಗ ಮುಟ್ಟೀತು, ಎದುರಾಳಿಗಳು ಯಾವ ಮಗ್ಗುಲಿಗೆ ಹೋದರು ಎಂಬುದನ್ನು ಎಡೆಬಿಡದೆ ಹೇಳುತ್ತಿರಬೇಕು. ನಮ್ಮಪ್ಪ ಕಣದಲ್ಲಿ ಮೊರ ಎತ್ತಿಕೊಂಡು ನಿಂತು, ದೂರದ ಹುಣಸೆಮರದ ಎಲೆ ಅಲ್ಲಾಡುವುದನ್ನು ನೋಡಿ, "ಬಂತು, ತಡಿ" ಎನ್ನುತ್ತಿದ್ದರು; ಗಾಳಿ ಮುಖಕ್ಕೆ ತಾಗುವ ಹೊತ್ತಿಗೆ ರಾಗಿ ಮೊರದಿಂದ ಇಳಿಯುತ್ತಿತ್ತು. ಗಾಳಿ ಬಂದಾಗ ತೂರಿಕೋ ಎನ್ನುತ್ತೇವೆ. ಬರುವ ಮೊದಲೇ ಕಂಡವನಿಗೆ ಮಾತ್ರ ಅದು ಸಾಧ್ಯ ಎಂಬುದನ್ನು ಹಲಸೂರು ಕೆರೆಯಲ್ಲಿ ಮೂರು ಸಲ ಮಗುಚಿದ ಮೇಲೆ ನಾನು ಅರಿತೆ.

ಇಬ್ಬರಿಗೂ ಒಂದೊಂದು ಪದಕ, ಒಂದೇ ಅಳತೆಯದು. ಅದನ್ನೂ ಯಜಮಾನರಿಗೆ ತಿಳಿಸಿ.

ಉತ್ತರ 2: ತಿಪಟೂರಿನವನು, ಹಿಂದೆ ಫುಜಿಸಾವಾದಲ್ಲಿ

ಸ್ಯಾಪರ್ ಸರ್ ದೋಣಿಯ ವಿಷಯವನ್ನು ನನಗಿಂತ ಚೆನ್ನಾಗಿ ಹೇಳಿದ್ದಾರೆ. ನಾನು ಬದುಕಿನ ಕಡೆಯನ್ನು ಸೇರಿಸುತ್ತೇನೆ. ಕೆಲಸದ ಮೇಲೆ ಕೆಲವು ವರ್ಷ ನಾನು ಜಪಾನಿನ ಕನಗಾವಾ ಪ್ರಾಂತ್ಯದ ಫುಜಿಸಾವಾದಲ್ಲಿದ್ದೆ. 1964ರ ಒಲಿಂಪಿಕ್ಸ್‌ಗಾಗಿ ಕಟ್ಟಿದ ಎನೋಶಿಮಾ ಹಾಯಿದೋಣಿ ಬಂದರು ಅದೇ ಊರಿನಲ್ಲಿದೆ. ಟೋಕಿಯೊ ಒಲಿಂಪಿಕ್ಸ್‌ನ ಹಾಯಿದೋಣಿ ಸ್ಪರ್ಧೆಗಳು ನಡೆದದ್ದೂ ಅಲ್ಲೇ.

ಯೋಶಿಯೋಕಾ ಹುಟ್ಟಿದ್ದು 1990ರಲ್ಲಿ. ಎಂಟು ಹತ್ತು ವಯಸ್ಸಿಗೇ ಆಪ್ಟಿಮಿಸ್ಟ್ ಎಂಬ ಪುಟ್ಟ ದೋಣಿ ಏರಿದ ಮಕ್ಕಳ ಪೈಕಿ ಅವರಲ್ಲ; ಹೈಸ್ಕೂಲಿನ ಕ್ಲಬ್ಬಿನಲ್ಲಿ ಶುರುಮಾಡಿದವರು, ಅಂದರೆ ತಮ್ಮ ಮಗಳ ವಯಸ್ಸಿನಲ್ಲೇ. ಬಳಿಕ ಕ್ಯೋಟೊ ನಗರದ ರಿತ್ಸುಮೈಕಾನ್ ವಿಶ್ವವಿದ್ಯಾಲಯ ಸೇರಿದರು. ಅಲ್ಲಿನ ಹಾಯಿದೋಣಿ ತಂಡ ಅಭ್ಯಾಸ ಮಾಡುವುದು ಸಮುದ್ರದಲ್ಲಲ್ಲ, ಬಿವಾ ಸರೋವರದಲ್ಲಿ. ಜಪಾನಿನ ಅತಿದೊಡ್ಡ ಸಿಹಿನೀರಿನ ಸರೋವರ ಅದು. ಕೆರೆಯ ನಾಡಿನವರಾದ ನಾವು ಇದನ್ನು ಗಮನಿಸಬೇಕು.

ಜಪಾನಿನ ಅಂತರ ವಿಶ್ವವಿದ್ಯಾಲಯ ಸ್ಪರ್ಧೆಯಲ್ಲಿ ಇರುವುದು ಎರಡು ಬಗೆಯ ದೋಣಿಗಳು, 470 ಮತ್ತು ಸ್ನೈಪ್. ಎರಡನ್ನೂ ಇಬ್ಬರೇ ನಡೆಸಬೇಕು. ಹೀಗಾಗಿ ಬಾಲ್ಯದಿಂದ ಕಲಿತವನೊಬ್ಬ ಚುಕ್ಕಾಣಿ ಹಿಡಿದರೆ, ತಡವಾಗಿ ಬಂದ ಗಟ್ಟಿ ಮೈಯವರಿಗೆ ಮುಂದಿನ ಜಾಗದಲ್ಲಿ ನಿಲ್ಲುವ ಅವಕಾಶ ತಾನಾಗಿ ಸಿಗುತ್ತದೆ. ಒಲಿಂಪಿಕ್ಸ್‌ನ ಹಾಯಿದೋಣಿಯಲ್ಲಿ ಜಪಾನ್ ಇದುವರೆಗೆ ಗೆದ್ದಿರುವುದು ಮೂರೇ ಪದಕ, ಮೂರೂ 470ರಲ್ಲಿ: 1996ರಲ್ಲಿ ಯುಮಿಕೊ ಶಿಗೆ ಮತ್ತು ಅಲಿಸಿಯಾ ಕಿನೊಶಿತಾ ಬೆಳ್ಳಿ, 2004ರಲ್ಲಿ ಕಝುತೊ ಸೆಕಿ ಮತ್ತು ಕೆಂಜಿರೊ ತೊದೊರೊಕಿ ಕಂಚು, ಇಪ್ಪತ್ತು ವರ್ಷಗಳ ಬಳಿಕ ಒಕಾಡಾ ಮತ್ತು ಯೋಶಿಯೋಕಾ ಬೆಳ್ಳಿ. ಇದು ಕಾಕತಾಳೀಯವೆಂದು ನನಗೆ ಅನ್ನಿಸುವುದಿಲ್ಲ.

2013ರಲ್ಲಿ ಯೋಶಿಯೋಕಾ ಅವರ ಬದುಕು ತಿರುಗಿತು. ಅಷ್ಟರಲ್ಲಾಗಲೇ ಎರಡು ಒಲಿಂಪಿಕ್ಸ್ ಕಂಡಿದ್ದ, ಹತ್ತು ವರ್ಷ ಹಿರಿಯರಾದ ಐ ಯೋಶಿದಾ ಅವರ ದೋಣಿಗೆ ಅವರು ಕ್ರೂ ಆದರು. ಮೂರು ವರ್ಷದಲ್ಲಿ ಈ ಜೋಡಿ 2016ರ ರಿಯೊ ಒಲಿಂಪಿಕ್ಸ್‌ನಲ್ಲಿ ಐದನೆಯ ಸ್ಥಾನ ಪಡೆಯಿತು. 2017ರಲ್ಲಿ ಯೋಶಿದಾ ಗಂಡುಮಗುವಿಗೆ ತಾಯಿಯಾದರು. ಮರುವರ್ಷ, ಅಂದರೆ 2018ರಲ್ಲಿ, ಇದೇ ಜೋಡಿ ಡೆನ್ಮಾರ್ಕಿನ ಆರ್ಹುಸ್‌ನಲ್ಲಿ ಮಹಿಳೆಯರ 470 ವಿಶ್ವ ಚಾಂಪಿಯನ್ ಆಯಿತು, ಜಕಾರ್ತಾ ಏಷ್ಯನ್ ಕ್ರೀಡಾಕೂಟದಲ್ಲೂ ಚಿನ್ನ ಗೆದ್ದಿತು. ಅದೇ ಕೂಟದಲ್ಲಿ ನಮ್ಮ ವರ್ಷಾ ಗೌತಮ್ ಮತ್ತು ಶ್ವೇತಾ ಶೇರ್ವೇಗಾರ್ ಬೇರೆ ಬಗೆಯ ದೋಣಿಯಲ್ಲಿ ಬೆಳ್ಳಿ ಗೆದ್ದರು. ಅವರದೂ ಇಬ್ಬರ ದೋಣಿಯೇ.

2019ರ ವಿಶ್ವ ಚಾಂಪಿಯನ್‌ಶಿಪ್ ಎನೋಶಿಮಾದಲ್ಲೇ ನಡೆದಾಗ ನಾನು ಬಂದರಿನ ಕಲ್ಲುಗೋಡೆಯ ಮೇಲೆ ನಿಂತು ನೋಡಿದ್ದೆ. ನೋಡಿದ್ದೆ ಎಂದರೆ ದೂರದಲ್ಲಿ ಬಿಳಿ ಚುಕ್ಕೆಗಳು ಕಂಡವು ಅಷ್ಟೆ. ದಡದಲ್ಲಿ ನಿಂತವನಿಗೆ ಈ ಆಟದಷ್ಟು ನೀರಸವಾದುದು ಇನ್ನೊಂದಿಲ್ಲ ಎಂದು ಒಪ್ಪಿಕೊಳ್ಳುತ್ತೇನೆ. ಬ್ರಿಟನ್ನಿನ ಹನ್ನಾ ಮಿಲ್ಸ್ ಮತ್ತು ಐಲಿ ಮೆಕಿಂಟೈರ್ ಮೊದಲಿಗರಾದರು, ಇವರು ಎರಡನೆಯವರು. ಹಾಗಾಗಿ ಟೋಕಿಯೊ ಒಲಿಂಪಿಕ್ಸ್ ಒಂದು ವರ್ಷ ಮುಂದೂಡಿ 2021ರಲ್ಲಿ ಅದೇ ನೀರಿಗೆ ಬಂದಾಗ ಪದಕ ಖಚಿತವೆಂದೇ ಊರಿನವರು ಭಾವಿಸಿದ್ದರು. ಸಿಕ್ಕಿದ್ದು ಏಳನೆಯ ಸ್ಥಾನ.

ಏಳನೆಯ ಸ್ಥಾನದ ಅರ್ಥ ತಿಳಿಯಬೇಕಾದರೆ ಅಂಕದ ಲೆಕ್ಕ ಗೊತ್ತಿರಬೇಕು. ಪ್ರತಿ ಓಟದಲ್ಲಿ ಮೊದಲು ಬಂದವರಿಗೆ 1, ಎರಡನೆಯವರಿಗೆ 2, ಹತ್ತನೆಯವರಿಗೆ 10. ಕೊನೆಯಲ್ಲಿ ಯಾರ ಮೊತ್ತ ಕಡಿಮೆಯೋ ಅವರು ಗೆದ್ದರು. ಅತಿ ಕೆಟ್ಟ ಒಂದು ಓಟವನ್ನು ಲೆಕ್ಕದಿಂದ ಬಿಡುತ್ತಾರೆ. ಎರಡನೆಯ ಸಲ ಕೆಟ್ಟರೆ ಹೊತ್ತುಕೊಂಡೇ ನಡೆಯಬೇಕು. ಮೊದಲ ಹತ್ತು ಜೋಡಿಗಳು ಕೊನೆಯ ಪದಕದ ಓಟಕ್ಕೆ ಹೋಗುತ್ತವೆ, ಅದರ ಅಂಕ ದುಪ್ಪಟ್ಟು, ಅದನ್ನು ಬಿಡುವಂತಿಲ್ಲ. ಒಂದು ದಿನ ಮಿಂಚಿದವರಿಗಿಂತ ಎಲ್ಲ ದಿನವೂ ನಾಲ್ಕು, ಐದು, ಮೂರು ಎಂದು ಬಂದವರೇ ಇಲ್ಲಿ ಮುಂದೆ ಇರುತ್ತಾರೆ. ಬಡ್ಡಿ ಸಾಲದಂತೆ ಸಣ್ಣ ಸಣ್ಣ ತಪ್ಪುಗಳು ಕೂಡಿಕೊಳ್ಳುವ ಆಟ ಇದು.

ಟೋಕಿಯೊ ಮುಗಿದ ಮೇಲೆ ಅವರ ಕಾಲಕೆಳಗಿನ ಹಲಗೆಯೇ ಸರಿಯಿತು. ಪುರುಷರ 470, ಮಹಿಳೆಯರ 470 ಎಂಬ ಎರಡು ಸ್ಪರ್ಧೆಗಳನ್ನು ಕೂಡಿಸಿ, 2024ರಿಂದ ಒಬ್ಬ ಪುರುಷ ಮತ್ತು ಒಬ್ಬ ಮಹಿಳೆ ಇರುವ ಒಂದೇ ಮಿಶ್ರ ಸ್ಪರ್ಧೆ ಮಾಡಲಾಯಿತು. ಯಾರು ಚುಕ್ಕಾಣಿ ಹಿಡಿಯಬೇಕೆಂಬ ನಿಯಮವಿಲ್ಲ. ಎಂಟು ವರ್ಷದ ಜೋಡಿ ಮುಗಿಯಿತು. ಯೋಶಿಯೋಕಾ ತಮಗಿಂತ ಐದು ವರ್ಷ ಕಿರಿಯರಾದ ಒಕಾಡಾ ಜೊತೆ ಸೇರಿದರು. ಟೋಕಿಯೊದಲ್ಲಿ ಪುರುಷರ ವಿಭಾಗದಲ್ಲಿ ಒಕಾಡಾ ಅವರಿಗೂ ಏಳನೆಯ ಸ್ಥಾನವೇ ಬಂದಿತ್ತು. ಒಕಾಡಾ ಹೈಸ್ಕೂಲು ಓದಿದ್ದು ಕರಾತ್ಸು ಎಂಬ ಊರಿನಲ್ಲಿ. ಮೊದಲ ಬೆಳ್ಳಿ ಗೆದ್ದ ಯುಮಿಕೊ ಶಿಗೆ ಅವರ ಹುಟ್ಟೂರು ಅದೇ. ಎರಡು ಏಳುಗಳು ಸೇರಿ 2023ರಲ್ಲಿ ನೆದರ್ಲೆಂಡ್ಸ್‌ನ ಹೇಗ್‌ನಲ್ಲಿ ವಿಶ್ವ ಚಾಂಪಿಯನ್ ಆದವು. ಮರುವರ್ಷ ಫ್ರಾನ್ಸಿನ ಮಾರ್ಸೇ ಕಡಲಿನಲ್ಲಿ, ಗಾಳಿ ಸಾಲದೆ ಒಂದು ದಿನ ಮುಂದಕ್ಕೆ ಹೋದ ಪದಕದ ಓಟ ಆಗಸ್ಟ್ 8ರಂದು ಮುಗಿದಾಗ, ಆಸ್ಟ್ರಿಯಾದ ಲಾರಾ ವಾಡ್ಲೌ ಮತ್ತು ಲುಕಾಸ್ ಮೇರ್ ಚಿನ್ನ, ಇವರು ಬೆಳ್ಳಿ. ಆಸ್ಟ್ರಿಯಾದ ದೋಣಿಯಲ್ಲಿ ಚುಕ್ಕಾಣಿ ಹಿಡಿದದ್ದು ಹೆಣ್ಣುಮಗಳು, ತಂತಿಯ ಮೇಲೆ ನಿಂತದ್ದು ಗಂಡಸು. ತಮ್ಮ ಯಜಮಾನರಿಗೆ ಇದನ್ನು ಹೇಳುವಾಗ ಅವರ ಮುಖ ಹೇಗಾಗುತ್ತದೆಂದು ನೋಡಿ ಬರೆಯಿರಿ.

ಹೊಟ್ಟೆಪಾಡಿನ ಪ್ರಶ್ನೆಗೆ ಉತ್ತರ ಚಿಕ್ಕದು. ಜಪಾನಿನಲ್ಲಿ ಕಂಪನಿಗಳು ಕ್ರೀಡಾಪಟುಗಳನ್ನು ನೌಕರರಾಗಿ ಸೇರಿಸಿಕೊಂಡು ಸಂಬಳ ಕೊಡುವ ಹಳೆಯ ಪದ್ಧತಿಯಿದೆ. ಯೋಶಿಯೋಕಾ ಮತ್ತು ಯೋಶಿದಾ ಇಬ್ಬರೂ ಬೆನೆಸ್ಸೆ ಎಂಬ ಶಿಕ್ಷಣ ಕ್ಷೇತ್ರದ ಕಂಪನಿಯವರು. ಒಕಾಡಾ ಟೊಯೋಟಾ ಬಳಗದ ಕಂಪನಿಯವರು.

ಉತ್ತರ 3: ಕೊರಟಗೆರೆ ಪಿ.ಟಿ. ಮೇಷ್ಟ್ರು

ಇಬ್ಬರೂ ಚೆನ್ನಾಗಿ ಬರೆದಿದ್ದೀರಿ, ಆದರೆ ಆ ಚಿಕ್ಕ ಉತ್ತರದಲ್ಲೇ ದೊಡ್ಡ ವಿಷಯ ಅಡಗಿದೆ ಎಂದು ನನಗೆ ಅನ್ನಿಸುತ್ತದೆ. 2013ರಿಂದ 2024ರವರೆಗೆ ಹನ್ನೊಂದು ವರ್ಷ ತಿಂಗಳ ಸಂಬಳ ತಪ್ಪದೆ ಬಂದದ್ದರಿಂದ ಏಳನೆಯ ಸ್ಥಾನದ ಮರುದಿನವೂ ಅವರು ನೀರಿಗಿಳಿಯಲು ಸಾಧ್ಯವಾಯಿತು. ನಮ್ಮ ಕಡೆಯ ಮಗುವಿಗೆ ಅದು ಯಾರಿಂದ ಬರುತ್ತದೆ? ಸೇನೆ, ನೌಕಾಪಡೆ ಬಿಟ್ಟರೆ ದಾರಿ ಕಿರಿದು.

ಎರಡನೆಯದಾಗಿ, ಕ್ರೂ ಆಗುವವರ ಬದುಕು ಅರ್ಧ ಇನ್ನೊಬ್ಬರ ಕೈಯಲ್ಲಿರುತ್ತದೆ. ಜೊತೆಗಾರರು ಗಾಯಗೊಂಡರೆ, ಮದುವೆಯಾಗಿ ಬಿಟ್ಟರೆ, ನಿಯಮವೇ ಬದಲಾದರೆ ಮತ್ತೆ ಮೊದಲಿನಿಂದ ಹುಡುಕಬೇಕು. ನನ್ನ ವಿದ್ಯಾರ್ಥಿಯೊಬ್ಬನನ್ನು ಒಂದು ಶಿಬಿರಕ್ಕೆ ಕಳುಹಿಸಿದ್ದೆ. ಅವನ ತೂಕಕ್ಕೆ ಹೊಂದುವ ಜೊತೆಗಾರ ಇಡೀ ಶಿಬಿರದಲ್ಲಿ ಸಿಗದೆ ಹದಿನೈದು ದಿನ ದಡದಲ್ಲಿ ಹಗ್ಗ ಸುತ್ತಿಟ್ಟು ಮರಳಿ ಬಂದ. 470ಕ್ಕೆ ಇಬ್ಬರ ತೂಕ ಸೇರಿ 110ರಿಂದ 145 ಕಿಲೋ ಒಳಗೆ ಇರಬೇಕೆನ್ನುತ್ತಾರೆ. ಆ ಜೋಡಣೆ ಸಿಗಬೇಕಾದರೆ ಒಂದೇ ನೀರಿನಲ್ಲಿ ಹತ್ತಾರು ಮಕ್ಕಳು ಅಭ್ಯಾಸ ಮಾಡುತ್ತಿರಬೇಕು. ಜಪಾನಿನ ಕಾಲೇಜುಗಳಲ್ಲಿ ಅದು ಇದೆ.

ಆದ್ದರಿಂದ ನನ್ನ ಸಲಹೆ ಬೇರೆ. ಪ್ಯಾರಿಸ್‌ಗೆ ಹೋದ ನಮ್ಮ ನೇತ್ರಾ ಕುಮನನ್, ವಿಷ್ಣು ಸರವಣನ್ ಇಬ್ಬರೂ ಒಬ್ಬರೇ ನಡೆಸುವ ದೋಣಿಯವರು. 2023ರಲ್ಲಿ ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ ಬೆಳ್ಳಿ ಗೆದ್ದ ನೇಹಾ ಠಾಕೂರ್ ಕೂಡ ಅಷ್ಟೇ. ಮಧ್ಯಪ್ರದೇಶದ ದೇವಾಸ್ ಕಡೆಯ ರೈತರ ಮಗಳು, ಸಮುದ್ರವಿಲ್ಲದ ಭೋಪಾಲದ ದೊಡ್ಡ ಕೆರೆಯಲ್ಲಿ ಕಲಿತವಳು. ಮೇಡಂ, ಮಗಳು ಮೊದಲು ಒಬ್ಬಳೇ ದೋಣಿ ನಡೆಸಲು ಕಲಿಯಲಿ. ಯಾರೂ ಜೊತೆಗಿಲ್ಲದ ದಿನವೂ ಅಭ್ಯಾಸ ನಿಲ್ಲುವುದಿಲ್ಲ.

ಉತ್ತರ 4: ಶಿರಾದ ಹಳೆಯ ಸ್ಯಾಪರ್

ಮೇಷ್ಟ್ರ ಮಾತಿನಲ್ಲಿ ಮುಕ್ಕಾಲು ಭಾಗ ಸರಿ. ಒಬ್ಬಳೇ ನಡೆಸಲು ಕಲಿಯಬೇಕು, ಅನುಮಾನವಿಲ್ಲ. ಚುಕ್ಕಾಣಿಯ ಕಷ್ಟ ತಿಳಿಯದವರು ಒಳ್ಳೆಯ ಕ್ರೂ ಆಗಲಾರರು. ಆದರೆ ಬದುಕು ಇನ್ನೊಬ್ಬರ ಕೈಯಲ್ಲಿರುತ್ತದೆ ಎಂಬುದನ್ನು ನಾನು ಪೂರ್ತಿ ಒಪ್ಪುವುದಿಲ್ಲ. ತಿಪಟೂರಿನವರು ಬರೆದದ್ದನ್ನೇ ಮತ್ತೊಮ್ಮೆ ಓದಿ. ಚುಕ್ಕಾಣಿ ಹಿಡಿದವರು ಬದಲಾದರು, ಸ್ಪರ್ಧೆಯ ನಿಯಮ ಬದಲಾಯಿತು, ಕಡಲು ಬದಲಾಯಿತು. ರಿಯೊ, ಟೋಕಿಯೊ, ಪ್ಯಾರಿಸ್ ಮೂರರಲ್ಲೂ, ಎರಡು ವಿಶ್ವ ಚಾಂಪಿಯನ್ ದೋಣಿಗಳಲ್ಲೂ ತಂತಿಯ ಮೇಲಿದ್ದವರು ಒಬ್ಬರೇ. ಒಂದು ದೋಣಿಯ ವೇಗ ಅವರ ಜೊತೆಗೆ ಇನ್ನೊಂದು ದೋಣಿಗೆ ಹೋಯಿತು ಎಂದರೆ ಆ ವಿದ್ಯೆ ಅವರದೇ.

ಪ್ರಶ್ನೆ ಕೇಳಿದವರು: ಕ್ಯಾತ್ಸಂದ್ರದ ಟೀಚರ್

ಮೂವರಿಗೂ ಧನ್ಯವಾದ. ಎಲ್ಲವನ್ನೂ ಮನೆಯಲ್ಲಿ ಗಟ್ಟಿಯಾಗಿ ಓದಿದೆ. ಆಸ್ಟ್ರಿಯಾದ ದೋಣಿಯ ವಿಷಯ ಬಂದಾಗ ಯಜಮಾನರು ಏನೂ ಹೇಳದೆ ಕನ್ನಡಕ ಒರೆಸಿಕೊಂಡರು. ಏತದ ಮಾತು ಬಂದಾಗ ಮಾತ್ರ ಅವರೇ ಮುಂದುವರಿಸಿ, ತಮ್ಮ ಅಜ್ಜ ಏತದ ಮೇಲೆ ನಡೆಯುತ್ತಾ ಲೆಕ್ಕಕ್ಕೆ ಹಾಡು ಹೇಳುತ್ತಿದ್ದುದನ್ನು ಮಗಳಿಗೆ ವಿವರಿಸಿದರು. ಈ ಭಾನುವಾರ ಆಷಾಢದ ಗಾಳಿ ಜೋರಾಗಿದ್ದುದರಿಂದ ಇಬ್ಬರೂ ಸ್ಕೂಟರ್ ಏರಿ ಮೈದಾಳ ಕೆರೆಗೆ ಹೋಗಿ, ನೀರಿನ ಮೇಲೆ ಗಾಳಿಯ ಕಪ್ಪು ಕಾಣುತ್ತದೆಯೇ ಎಂದು ನೋಡಿಕೊಂಡು ಬಂದರು. ಕಂಡಿತಂತೆ. ಯಾರಿಗೆ ಮೊದಲು ಕಂಡಿತು ಎಂಬುದು ಇನ್ನೂ ತೀರ್ಮಾನವಾಗಿಲ್ಲ.

ಪಿ.ಟಿ. ಮೇಷ್ಟ್ರ ಸಲಹೆಯನ್ನು ಒಪ್ಪಿದ್ದೇವೆ. ದಸರಾ ರಜೆಯಲ್ಲಿ ಒಬ್ಬಳೇ ನಡೆಸುವ ದೋಣಿಯ ಶಿಬಿರಕ್ಕೆ ಸೇರಿಸುತ್ತೇವೆ. ಚಿತ್ರ ಮಾತ್ರ ಗೋಡೆಯ ಮೇಲೆ ಅಲ್ಲೇ ಇರುತ್ತದೆ ಎಂದು ಮಗಳು ಹೇಳಿದ್ದಾಳೆ. ಇನ್ನೊಂದು ಸಣ್ಣ ಪ್ರಶ್ನೆ: ತಂತಿಗೆ ಸಿಕ್ಕಿಸುವ ಆ ಸೊಂಟದ ಪಟ್ಟಿಯನ್ನು ಈಗಲೇ ಕೊಂಡಿಡಬೇಕೇ?

ಉತ್ತರ 5: ಶಿರಾದ ಹಳೆಯ ಸ್ಯಾಪರ್

ಬೇಡ ಮೇಡಂ. ಅದು ಮೈಗೆ ಬಿಗಿಯಾಗಿ ಕೂರಬೇಕು, ಅವಳು ಇನ್ನೂ ಬೆಳೆಯುವ ವಯಸ್ಸಿನವಳು. ಶಿಬಿರದಲ್ಲೇ ಕೊಡುತ್ತಾರೆ. ಈಗ ಕೊಳ್ಳುವುದಿದ್ದರೆ ಹಗ್ಗಕ್ಕೆ ಅಂಗೈ ಕಿತ್ತುಹೋಗದಂತೆ ಒಂದು ಜೊತೆ ಕೈಗವಸು ಕೊಳ್ಳಿ, ಮತ್ತು ನಾಲ್ಕು ಮೀಟರ್ ಹಗ್ಗ ತಂದು ಮನೆಯಲ್ಲಿ ಗಂಟು ಹಾಕುವುದನ್ನು ರೂಢಿ ಮಾಡಿಸಿ. ಕತ್ತಲೆಯಲ್ಲೂ ತಪ್ಪದೆ ಬರಬೇಕು.